ಮೇಕ್‌ದಮ್ ನಮಸ್ಕರಿಸಿದ ದಿಕ್ಕು

ವಿರೋತನ ಹೆಸರನ್ನು ಖಂಪೈ ಯಾವತ್ತೂ ಬೈಗುಳವಿಲ್ಲದೆ ಉಚ್ಚರಿಸಿದವನಲ್ಲ. ಉಚ್ಚರಿಸದೆ ಒಂದು ದಿನವನ್ನು ಕಳೆದವನೂ ಅಲ್ಲ. ಹುಣಸೆಮರಕ್ಕೆ ತೂಗುಹಾಕಿದ ಮರಳುಚೀಲಕ್ಕೆ ಒದೆಯುವಾಗ ಶಿಷ್ಯರಲ್ಲಿ ಯಾರದಾದರೂ ಮೊಣಕಾಲು ತುಸು ತಗ್ಗಿದರೆ ಸಾಕು, "ಏನೋ ಅದು, ವಿರೋತನ ಗರಡೀಲಿ ಕಲಿತು ಬಂದ್ಯಾ?" ಎನ್ನುತ್ತಿದ್ದ. ಅಂಟನ್ನ ಸರಿಯಾಗಿ ಬೇಯದಿದ್ದರೂ, ಕೆರೆಯ ನೀರು ತಳ ಕಂಡರೂ, ಅದರ ಮೂಲವನ್ನು ಹುಡುಕುತ್ತ ಹೋದರೆ ಕೊನೆಗೆ ಬ್ಯಾಂಕಾಕಿನ ಹೊಳೆಯಾಚೆ, ಥೊನ್‌ಬುರಿಯಲ್ಲಿ ಕುಳಿತ ಆ ಒಬ್ಬ ಮನುಷ್ಯನೇ ಸಿಗುತ್ತಿದ್ದ.

"ಇಷ್ಟು ವರ್ಷ ಸಂಸಾರ ಮಾಡಿದ್ರಲ್ಲ, ನನ್ನ ಹೆಸರನ್ನ ಇದರಲ್ಲಿ ಕಾಲುಭಾಗ ಕರೆದಿದ್ರೂ ನಾನು ಕರಗಿ ನೀರಾಗ್ತಿದ್ದೆ," ಎಂದು ಹೆಂಡತಿ ಬುವಾಫನ್ ಹಸಿ ಪಪ್ಪಾಯಿ ಕುಟ್ಟುತ್ತ ಹೇಳುತ್ತಿದ್ದಳು. "ಅವನನ್ನೇ ಕಟ್ಕೋಬೇಕಿತ್ತು ನೀವು."

"ನಿನಗೇನು ಗೊತ್ತು ಅವನು ಏನು ಕಸ್ಕೊಂಡ ಅಂತ."

"ಕಸ್ಕೊಂಡನೋ, ನೀವೇ ಕೊಟ್ರೋ? ತಲೆ ಎತ್ತಿ ನೋಡಿ. ಈ ಮಾಡಿನ ತಗಡು ಎಲ್ಲಿಂದ ಬಂತು?"

ಖಂಪೈ ತಲೆ ಎತ್ತುತ್ತಿರಲಿಲ್ಲ. ತಗಡು ಎಲ್ಲಿಂದ ಬಂತೆಂಬುದು ಅವನಿಗೆ ಗೊತ್ತಿತ್ತು.

ಬುರಿರಾಂ ಸೀಮೆಯ ಆ ಹಳ್ಳಿಯಲ್ಲಿ, ಕಂಬಗಳ ಮೇಲೆ ನಿಂತ ತನ್ನ ಮನೆಯ ಅಡಿಯ ನೆರಳಿನಲ್ಲಿ, ಖಂಪೈ ಒದೆತ, ಮೊಣಕೈಗಳೂ ಸೇರಿದ ಥಾಯ್ ಮುಷ್ಟಿಯುದ್ಧ ಕಲಿಸುತ್ತ ಬಂದಿದ್ದ. ಅವನ ಕೈಕೆಳಗೆ ಪಳಗಿದವರಲ್ಲೆಲ್ಲ ದೊಡ್ಡವನಾಗಿ ಬೆಳೆದವನು ಒಬ್ಬನೇ: ಪಕ್ಕದ ಮನೆಯ ವಿಧವೆಯ ಮಗ. ಹುಟ್ಟುವಾಗಲೇ ಅಷ್ಟು ಪುಟ್ಟದಾಗಿದ್ದುದರಿಂದ ಊರು ಅವನನ್ನು ಮೊತ್ ಎಂದು, ಅಂದರೆ ಇರುವೆ ಎಂದು, ಕರೆಯಿತು. ಖಂಪೈ ಅವನಿಗೆ ಕಣದ ಹೆಸರನ್ನಿಟ್ಟ: ಮೇಕ್‌ದಮ್, ಕರಿಮೋಡ. ಆ ನಾಡಿನಲ್ಲಿ ಕಾದಾಳುವಿನ ಹೆಸರಿನ ಬೆನ್ನಿಗೆ ಅವನ ಗರಡಿಯ ಹೆಸರೂ ಇರಬೇಕು. ಹೀಗಾಗಿ ಅವನು 'ಮೇಕ್‌ದಮ್ ಸಿತ್‌ಖಂಪೈ' ಆದ. ಖಂಪೈಯ ಶಿಷ್ಯ ಕರಿಮೋಡ. ಸುತ್ತಲಿನ ಸೀಮೆಗಳಲ್ಲಿ ಎದುರಾಳಿಗಳು ಸಿಗದಂತಾದಾಗ, ಹುಡುಗನ ಮೀಸೆ ಚಿಗುರುವ ಮೊದಲೇ, ಖಂಪೈ ಅವನ ಒಪ್ಪಂದವನ್ನು ವಿರೋತನ ಗರಡಿಗೆ ಬರೆದುಕೊಟ್ಟ; ಬಂದ ಹಣ ಮನೆಯ ಮಾಡಿಗೆ ತಗಡಾಯಿತು. ರಾಜಧಾನಿಗೆ ಹೋಗುವ ಬಸ್ಸಿಗೆ ತಾನೇ ಹತ್ತಿಸಿ, ಬುತ್ತಿ ಕೊಟ್ಟು, ಬೆನ್ನು ತಟ್ಟಿ ಬಂದ. ಮುಂದಿನ ಸಲ ಪತ್ರಿಕೆಯಲ್ಲಿ ಹೆಸರು ಕಂಡಾಗ ಅದು 'ಮೇಕ್‌ದಮ್ ಕಿಯತ್‌ವಿರೋತ್' ಎಂದಿತ್ತು; ವಿರೋತನ ಕೀರ್ತಿಯಾದ ಕರಿಮೋಡ. ಒಪ್ಪಂದ ಬರೆದುಕೊಟ್ಟ ಮೇಲೆ ಹೆಸರು ಹೋಗುವುದು ಸಹಜ ಎಂದು ಖಂಪೈಗೆ ತಿಳಿದಿತ್ತು. ಆದರೆ ತಿಳಿದಿರುವುದಕ್ಕೂ, ಅಚ್ಚಿನಲ್ಲಿ ನೋಡುವುದಕ್ಕೂ ನಡುವೆ ಒಂದು ಹೊಟ್ಟೆಯಿದೆ, ಅದು ಉರಿಯತೊಡಗಿತು.

ಕರಿಮೋಡ ಸುರಿಯಿತು. ರಾಜಧಾನಿಯ ದೊಡ್ಡ ಕಣದ ಪಟ್ಟವನ್ನು ಗೆದ್ದ. ಬಳಿಕ ಒದೆತ ಮೊಣಕೈಗಳನ್ನು ಬಿಟ್ಟು ಬರಿಯ ಮುಷ್ಟಿಯ ಅಂತರರಾಷ್ಟ್ರೀಯ ಬಾಕ್ಸಿಂಗಿಗೆ ಇಳಿದು, ವಿಶ್ವ ಚಾಂಪಿಯನ್ ಪಟ್ಟಕ್ಕೆ ಮೆಕ್ಸಿಕೋದವನೊಬ್ಬನನ್ನು ಎದುರಿಸುವ ದಿನವೂ ಬಂತು. ಬ್ಯಾಂಕಾಕಿನ ಮೈದಾನವೊಂದರಲ್ಲಿ ತೆರೆದ ಆಕಾಶದಡಿ ಕಣವನ್ನು ಕಟ್ಟಿದ್ದರು. ಸಂಜೆ ನಾಲ್ಕಕ್ಕೆ ಊರೆಲ್ಲ ಬೌದ್ಧವಿಹಾರದ ಚಾವಡಿಯಲ್ಲಿದ್ದ ಟೀವಿಯ ಮುಂದೆ ನೆರೆಯಿತು. ಖಂಪೈಗೆ ಮುಂದಿನ ಸಾಲಿನಲ್ಲಿ ಚಾಪೆ ಹಾಸಿದ್ದರು.

ಕಾದಾಟಕ್ಕೆ ಮೊದಲು ಗುರುವಂದನೆ. ಬರಿಯ ಬಾಕ್ಸಿಂಗಿನಲ್ಲಿ ಅದರ ಅಗತ್ಯವಿಲ್ಲ. ಆದರೂ ಮೇಕ್‌ದಮ್ ಅದನ್ನು ಬಿಡಲಿಲ್ಲ. ಕಣದ ನಡುವೆ ಮಂಡಿಯೂರಿ, ಕೈಮುಗಿದು, ಮೂರು ಸಲ ಬಾಗಿದ. ಈ ವಂದನೆಗೊಂದು ಭಾಷೆಯಿದೆ: ಕಾದಾಳು ತಾನು ಎಲ್ಲಿಂದ ಬಂದನೋ ಆ ದಿಕ್ಕಿಗೆ ಮುಖಮಾಡಿ ಬಾಗುತ್ತಾನೆ. ಟೀವಿಯಲ್ಲಿ ದಿಕ್ಕು ತಿಳಿಯದು ಎಂದು ಬೇರೆಯವರು ಅದರ ಗೊಡವೆಗೆ ಹೋಗಲಿಲ್ಲ. ಖಂಪೈ ಹೋದ. ಬಾಗಿ ಎದ್ದ ಮೇಕ್‌ದಮ್‌ನ ಮುಖದ ಮೇಲೆ ಬಿಸಿಲು ನೇರವಾಗಿ ಬಿದ್ದಿತ್ತು, ಕಣ್ಣುಗಳು ಕಿರಿದಾಗಿದ್ದವು, ನೆರಳು ಬೆನ್ನಹಿಂದೆ ಚಾಚಿತ್ತು. ಸಂಜೆ ನಾಲ್ಕರ ಸೂರ್ಯ ಪಡುವಣದಲ್ಲಿರುತ್ತಾನೆ. ಸೂರ್ಯನಿಗೆ ಎದುರಾದವನು ಪಡುವಣಕ್ಕೆ ಮುಖಮಾಡಿದ್ದಾನೆ. ಬ್ಯಾಂಕಾಕಿನಿಂದ ಬುರಿರಾಂ ಇರುವುದು ಮೂಡಣಕ್ಕೆ. ಪಡುವಣದಲ್ಲಿ ಇರುವುದು ಹೊಳೆ, ಹೊಳೆಯಾಚೆ ಥೊನ್‌ಬುರಿ, ಥೊನ್‌ಬುರಿಯಲ್ಲಿ ವಿರೋತನ ಗರಡಿ.

"ನೋಡ್ರೋ, ಮುಖ ಹೆಂಗೆ ಹೊಳೀತಾ ಇದೆ!" ಎಂದು ಯಾರೋ ಕೂಗಿದರು.

ಖಂಪೈ ಎದ್ದು ಹೊರಗೆ ಹೋದ. ಒಂಬತ್ತನೆಯ ಸುತ್ತಿನಲ್ಲಿ ಮೆಕ್ಸಿಕೋದವನು ನೆಲಕ್ಕುರುಳಿದಾಗ ಚಾವಡಿಯಿಂದ ಎದ್ದ ಗದ್ದಲವನ್ನು ಅವನು ಕೆರೆಯ ಏರಿಯ ಮೇಲೆ ಕುಳಿತು ಕೇಳಿದ. ತಾನು ಕಂಡದ್ದನ್ನು ಹೆಂಡತಿಗೂ ಹೇಳಲಿಲ್ಲ. ಹೇಳಿದರೆ ಅವಮಾನ ಇಮ್ಮಡಿಯಾಗುತ್ತದೆಯೇ ಹೊರತು ಅರ್ಧವಾಗುವುದಿಲ್ಲ. ಆ ಪಂದ್ಯದ ಮಾತನ್ನು ಯಾರಾದರೂ ಎತ್ತಿದರೆ ಎದ್ದುಹೋಗುತ್ತಿದ್ದ. ಮೇಕ್‌ದಮ್ ಪಟ್ಟವನ್ನು ಮತ್ತೆ ಮತ್ತೆ ಉಳಿಸಿಕೊಂಡ, ಅವನ ಚಿತ್ರ ಪಾನೀಯದ ಬಾಟಲಿಗಳ ಮೇಲೆ ಬಂತು. ಪ್ರತಿ ಹೊಸವರ್ಷಕ್ಕೆ, ಗುರುಹಿರಿಯರ ಕೈಗೆ ನೀರೆರೆಯುವ ದಿನ, ಪರಿಮಳದ ನೀರಿನ ಬಟ್ಟಲು ಹಿಡಿದು ಊರಿಗೂ ಬಂದ. ಪ್ರತಿ ಹೊಸವರ್ಷಕ್ಕೂ ಖಂಪೈಗೆ ಸುರಿನ್‌ನಲ್ಲಿರುವ ತಂಗಿಯ ಮನೆಯಲ್ಲಿ ತುರ್ತು ಕೆಲಸವಿರುತ್ತಿತ್ತು.

ಕೊನೆಗೆ ಮೇಕ್‌ದಮ್ ಎಳೆಯ ಎದುರಾಳಿಯೊಬ್ಬನಿಗೆ ಪಟ್ಟವನ್ನು ಬಿಟ್ಟುಕೊಟ್ಟು, ಕೈಗವಸು ಕಳಚಿ, ಊರಿಗೇ ಮರಳಿದ. ಊರ ಹೊರಗಿನ ಗದ್ದೆಯ ಅಂಚಿನಲ್ಲಿ ಸ್ವಂತ ಗರಡಿಯನ್ನು ಕಟ್ಟಿಸತೊಡಗಿದ.

"ನಾಳೆ ಬರ್ತಾನಂತೆ," ಎಂದಳು ಸಂತೆಯಿಂದ ಬಂದ ಬುವಾಫನ್. "ತಟ್ಟೆ ಹಿಡ್ಕೊಂಡು ಬರ್ತಾನಂತೆ. ಸುರಿನ್ ಬಸ್ಸು ಹೊರಟುಹೋಯ್ತು, ಈ ಸಲ ಓಡೋಕಾಗಲ್ಲ."

ತಟ್ಟೆ ಎಂದರೆ ಹೂವು, ಮೇಣದಬತ್ತಿ, ಬಿಳಿಯ ಬಟ್ಟೆ; ತಟ್ಟೆ ಹಿಡಿದು ಬಂದವನು ಕೇಳುವುದು ಒಂದನ್ನೇ. ಕಲಿತವನು ಕಲಿಸುವವನಾಗಬೇಕಾದರೆ ಗುರು ಅವನ ತಲೆಗೆ ಮೊಂಗ್‌ಖೊನ್ ತೊಡಿಸಬೇಕು. ಮಂತ್ರಿಸಿದ ನೂಲನ್ನು ಹೆಣೆದು ಸಿಂಬಿಯಂತೆ ಬಿಗಿದ ಆ ಬಳೆಯನ್ನು ಕಾದಾಳು ತನ್ನ ಕೈಯಿಂದ ಮುಟ್ಟುವಂತಿಲ್ಲ. ತೊಡಿಸುವುದೂ ತೆಗೆಯುವುದೂ ಗುರುವಿನ ಕೈ. ಅದು ನೆಲದ ಹತ್ತಿರ ಬರುವಂತಿಲ್ಲ; ಬಂದರೆ ಹಿಂದಿನ ಗುರುಗಳೆಲ್ಲ ಅದನ್ನು ಬಿಟ್ಟು ಹೋಗುತ್ತಾರೆ. ಯಾರ ಕೈಯಿಂದ ಅಧಿಕಾರ ಬರುತ್ತದೋ ಅವನ ಹೆಸರನ್ನು ಹೊಸ ಗರಡಿಯ ಮಕ್ಕಳು, ಅವರ ಮಕ್ಕಳು, ಪ್ರತಿ ಕಾದಾಟಕ್ಕೂ ಮೊದಲು ಸ್ಮರಿಸುತ್ತಾರೆ. ಪತ್ರಿಕೆಯಲ್ಲಿ ಕಳೆದುಹೋದ ಹೆಸರಿಗೆ ಉಳಿದ ಕೊನೆಯ ದಾರಿ ಅದು. ಖಂಪೈ ಎತ್ತರದ ಹಲಗೆಯಿಂದ ತನ್ನ ಹಳೆಯ ಮೊಂಗ್‌ಖೊನನ್ನು ಇಳಿಸಿ, ಧೂಳು ಒರೆಸಿ, ಮತ್ತೆ ಮೇಲಿಟ್ಟ.

ಮೊತ್ ಬೆಳಿಗ್ಗೆ ಬಂದ. ಕಿವಿಗಳು ಹೂಕೋಸಿನಂತೆ ಮಡಚಿಕೊಂಡಿದ್ದವು, ಮೂಗು ಒಂದು ಪಕ್ಕಕ್ಕೆ ವಾಲಿತ್ತು. ಆದರೆ ಮೆಟ್ಟಿಲ ಕೆಳಗೆ ಚಪ್ಪಲಿ ಬಿಡುವಾಗ ಎರಡನ್ನೂ ಜೋಡಿಸಿ ಇಡುವ ಅಭ್ಯಾಸ ಹಾಗೆಯೇ ಇತ್ತು. ಖಂಪೈ ಒದೆತ ತಡೆಯುವ ಹರಿದ ದಿಂಬನ್ನು ಹೊಲಿಯುತ್ತಿರುವಂತೆ ನಟಿಸಿದ, ಸೂಜಿಯಲ್ಲಿ ದಾರವಿರಲಿಲ್ಲ.

ಮೊತ್ ಬಾಗಿ ನಮಸ್ಕರಿಸಿ, ತಟ್ಟೆಯನ್ನು ಮುಂದಿಟ್ಟ. "ಬರೋ ಗುರುವಾರ, ಗುರುಗಳೇ. ಮೊಂಗ್‌ಖೊನ್ ನಿಮ್ದೇ ಆಗ್ಬೇಕು, ನಾನು ಚಿಕ್ಕಂದಿನಲ್ಲಿ ತೊಟ್ಟಿದ್ದು."

"ಹೂಂ."

"ತೊಡಿಸೋವಾಗ ಕೈ ಇಬ್ಬರದೂ ಇರ್ಲಿ ಅಂತ ಆಸೆ. ವಿರೋತ್ ಗುರುಗಳೂ ಬರ್ತಾರೆ."

ಸೂಜಿ ಬೆರಳಿಗೆ ಚುಚ್ಚಿತು. "ಒಂದು ತಲೆಗೆ ಇಬ್ಬರು ಕ್ಷೌರಿಕರಾ? ಅವನನ್ನೇ ಕೇಳ್ಕೋ. ಪಟ್ಟ ಅವನ ಹೆಸರಲ್ಲಿ ಗೆದ್ದೆ, ನಮಸ್ಕಾರನೂ ಅವನಿಗೇ ಮಾಡ್ದೆ. ಈಗ್ಯಾಕೆ ಈ ಮುದುಕನ ಮನೆ ನೆನಪಾಯ್ತು?"

"ಅವರಿಗೆ ಯಾವಾಗ ಮಾಡ್ದೆ?"

"ಯಾವಾಗಂತೆ! ಲೋಕಕ್ಕೇ ತೋರಿಸ್ಕೊಂಡು ಮಾಡ್ದೆಯಲ್ಲೋ, ಆ ಮೆಕ್ಸಿಕೋದವನ ದಿನ."

ಇಷ್ಟು ವರ್ಷ ಮುಚ್ಚಿಟ್ಟದ್ದು ಒಮ್ಮೆ ಬಾಯಿಬಿಟ್ಟ ಮೇಲೆ ನಿಲ್ಲಲಿಲ್ಲ. ಖಂಪೈ ದಿಂಬನ್ನು ಚಾಪೆಯ ನಡುವೆ ಇಟ್ಟು ಕಣ ಎಂದ, ಎಲೆಯಡಿಕೆಯ ಬಟ್ಟಲನ್ನು ಸೂರ್ಯನೆಂದು ಪಡುವಣದಲ್ಲಿ ಇಟ್ಟ, ಸೂಜಿಯನ್ನು ದಿಂಬಿಗೆ ಚುಚ್ಚಿ, "ಇದು ನೀನು. ಬಿಸಿಲು ಮುಖದ ಮೇಲೆ. ನೆರಳು ಹಿಂದೆ. ನಾಲ್ಕು ಗಂಟೆ. ಈಗ ಹೇಳು, ನಿನ್ನ ಬೆನ್ನು ಯಾವ ಕಡೆ ಇತ್ತು? ನಮ್ಮ ಕಡೆ! ಈ ಮನೆ ಕಡೆ!" ಎಂದ. ಬುವಾಫನ್ ಕುಟ್ಟುತ್ತಿದ್ದ ಒರಳಿನ ಸದ್ದು ನಿಂತಿತ್ತು.

ಮೊತ್ ಬಟ್ಟಲನ್ನೂ ಸೂಜಿಯನ್ನೂ ನೋಡಿದ. "ಗುರುಗಳೇ, ಅದು ಬೆಳಿಗ್ಗೆ."

"ಏನು ಬೆಳಿಗ್ಗೆ?"

"ಪಂದ್ಯ ನಡೆದಿದ್ದು ಬೆಳಿಗ್ಗೆ. ಮೆಕ್ಸಿಕೋದಲ್ಲಿ ರಾತ್ರಿ ಊಟ ಮಾಡ್ಕೊಂಡು ನೋಡ್ಬೇಕು ಅಂದ್ರೆ ಇಲ್ಲಿ ಬೆಳಿಗ್ಗೇನೇ ಹೊಡೆದಾಡ್ಬೇಕಂತೆ. ಅವರ ಟೀವಿಯೋರ ಷರತ್ತು. ನಮ್ಮ ಟೀವಿ ಸಂಜೆ ಹಾಕ್ತು. ಬಿಸಿಲು ಕಣ್ಣಿಗೆ ಹೊಡೀತಿತ್ತು, ಆದ್ರೂ ನಾನು ತಿರುಗಲಿಲ್ಲ." ಅವನು ಬಟ್ಟಲನ್ನು ಎತ್ತಿ ದಿಂಬಿನ ಆಚೆ ಬದಿಗೆ, ಮೂಡಣಕ್ಕೆ, ಮೆಲ್ಲಗೆ ಇಟ್ಟ.

ಬುವಾಫನ್ ಒನಕೆಯನ್ನು ಕೈಬಿಟ್ಟು ನಗತೊಡಗಿದಳು. ನಗು ನಿಲ್ಲಿಸಲಾಗದೆ ಹೆಗಲ ಬಟ್ಟೆಗೆ ಕಣ್ಣೊರೆಸಿಕೊಂಡಳು. "ಅಯ್ಯೋ ನನ್ನ ಜ್ಯೋತಿಷಿ! ಊರಿಗೆಲ್ಲ ಗೊತ್ತು ಅದು ಬೆಳಿಗ್ಗೆದು ಅಂತ. ಬಸ್ ಕಂಡಕ್ಟರ್ ಮಧ್ಯಾಹ್ನಾನೇ ರಾಜಧಾನಿಯಿಂದ ಸುದ್ದಿ ತಂದು, ಗೊತ್ತಿಲ್ಲದವನ ಥರ ಬಾಜಿ ಕಟ್ಟಿ ನಮ್ಮೂರಿನೋರ ಕೋಳಿಯೆಲ್ಲ ಗೆದ್ಕೊಂಡು ಹೋದ. ಒಂದು ಮಾತು ನನ್ನ ಕೇಳಿದ್ರೆ? ಇಷ್ಟು ಹೊಸವರ್ಷ ಸುರಿನ್‌ಗೆ ಬಸ್ ಚಾರ್ಜ್ ದಂಡ!"

ಖಂಪೈಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಬಹುಕಾಲ ಒರಗಿ ಕುಳಿತಿದ್ದ ಕಂಬವನ್ನು ಯಾರೋ ಕಿತ್ತುಕೊಂಡಂತಾಯಿತು. ಮತ್ಸರದ ಆಧಾರ ಹೋಯಿತು, ಮತ್ಸರ ಮಾತ್ರ ಆಧಾರವಿಲ್ಲದೆಯೂ ನಿಂತಿತ್ತು.

"ಹಾಗಾದ್ರೆ ನಮಸ್ಕಾರ ನನಗೇ ಮಾಡಿದ್ದು?"

ಮೊತ್ ಕಿವಿ ಕೆರೆದುಕೊಂಡ. "ಸುಳ್ಳು ಹೇಳಲ್ಲ ಗುರುಗಳೇ. ಊರ ಕಡೆಗೆ ಮಾಡ್ದೆ. ತಲೆಯಲ್ಲಿ ಅಮ್ಮ ಇದ್ಲು. ತೂಕ ಇಳಿಸೋಕೆ ಉಪವಾಸ ಇದ್ದೆನಲ್ಲ, ಹೊಟ್ಟೇಲಿ ಹಸಿವು ಇನ್ನೂ ಇತ್ತು. ನೀವು ನೆನಪಾಗಿದ್ದು ಐದನೇ ಸುತ್ತಲ್ಲಿ, ಪಕ್ಕೆಗೆ ಏಟು ಬಿದ್ದಾಗ."

"ಏನಂತ ನೆನಪಾದೆ?"

"'ಲೇ ಕೋಣ, ಎಡಗಾಲು ಹಿಂದಕ್ಕೆ ಎಳಿ' ಅಂತ. ಎಳೆದೆ. ಅಲ್ಲಿಂದ ಅವನ ಏಟು ತಾಗಲಿಲ್ಲ."

"ಅವನು? ಮೂಲೇಲಿ ಕೂತಿದ್ನಲ್ಲ, ವಿರೋತ. ಅವನೇನು ಹೇಳ್ತಿದ್ದ?"

"ಎಡಗಾಲು ಎಳೀಬೇಡ ಅಂತ ಕೂಗ್ತಿದ್ರು."

ಆ ವಾಕ್ಯವನ್ನು ಖಂಪೈ ಅಂಟನ್ನದ ತುತ್ತಿನಂತೆ ಬಾಯಲ್ಲಿ ಹೊರಳಿಸಿದ. ಮುಖ ಮಾತ್ರ ಗಂಟಾಗಿಯೇ ಇತ್ತು. "ಗುರುವಾರ ಬರ್ತೀನಿ. ಆದ್ರೆ ತೊಡಿಸೋನು ನಾನೊಬ್ಬನೇ. ಅವನು ಬೇಕಾದ್ರೆ ಕೂತು ನೋಡ್ಲಿ."

ಮೊತ್ ಮತ್ತೆ ಬಾಗಿದ. ಎಳವೆಯಿಂದಲೂ ಅವನು ಹಾಗೆಯೇ: ಒಪ್ಪದಿದ್ದಾಗ ಇನ್ನಷ್ಟು ಬಾಗುತ್ತಿದ್ದ.

ಗುರುವಾರದ ಬೆಳಿಗ್ಗೆ ಹೊಸ ಗರಡಿಯಲ್ಲಿ ಬಾಳೆಗೊನೆ, ಎಳನೀರು, ಬೇಯಿಸಿದ ಕೋಳಿಗಳನ್ನು ಇಟ್ಟ ಮೇಜಿನ ಮುಂದೆ ಭಿಕ್ಷುಗಳು ಪಠಣ ಮುಗಿಸಿದ್ದರು. ಕಾರಿನಿಂದ ವಿರೋತ ಇಳಿದ. ಖಂಪೈ ಅವನನ್ನು ಪತ್ರಿಕೆಗಳಲ್ಲಷ್ಟೇ ಕಂಡಿದ್ದ: ಚಾಂಪಿಯನ್ನನ ಹೆಗಲ ಮೇಲೆ ತೋಳಿಟ್ಟ ದಪ್ಪ ಮನುಷ್ಯ. ಇಳಿದವನು ಅದೇ ಚೌಕಟ್ಟಿನ ಒಳಗೆ ಕುಗ್ಗಿದ ಮುದುಕ. ಪಾರ್ಶ್ವವಾಯು ಬಡಿದು ಅವನ ಬಲಗೈ ಎದೆಗೆ ಅಂಟಿಕೊಂಡಿತ್ತು. ಬಾಯಿ ಒಂದು ಬದಿಯಿಂದಷ್ಟೇ ಮಾತಾಡುತ್ತಿತ್ತು. ಖಂಪೈಗೆ ಮೊದಲು ಆದದ್ದು ಸಂತೋಷ. ಅದು ಎಷ್ಟು ಚೊಕ್ಕವಾದ ಸಂತೋಷವಾಗಿತ್ತೆಂದರೆ ಅವನೇ ಹೆದರಿ ಸುತ್ತ ನೋಡಿದ.

"ನೀನೇನಾ ಖಂಪೈ?" ಎಂದ ವಿರೋತ. "ಇಷ್ಟೇ ಎತ್ತರಾನಾ? ಇವನು ಹೇಳೋದು ಕೇಳಿ ಆನೆ ಗಾತ್ರ ಇರ್ತೀಯ ಅಂದ್ಕೊಂಡಿದ್ದೆ."

"ಏನು ಹೇಳ್ತಿದ್ದ?"

"ಏನು ಹೇಳ್ತಿರಲಿಲ್ಲ ಕೇಳು. ನನ್ನ ಅನ್ನ, ನನ್ನ ಡಾಕ್ಟರು, ನನ್ನ ಕಣ. ಸೋತು ಬಂದ್ರೆ ಮಾತ್ರ 'ನಮ್ಮೂರ ಗುರುಗಳಾಗಿದ್ರೆ ಹೀಗ್ ಮಾಡ್ತಿದ್ರು'. ಗೆದ್ದಾಗ ನನ್ನೋನು, ಸೋತಾಗ ನಿನ್ನೋನು. ನನ್ನ ಹೊಟ್ಟೇಲಿ ಬೆಂಕಿ ಬೀಳ್ತಿರಲಿಲ್ಲ ಅಂದ್ಕೊಂಡ್ಯಾ?"

ಇದನ್ನು ಇನ್ನೊಮ್ಮೆ ಹೇಳಿಸಬೇಕೆಂದು ಖಂಪೈಗೆ ಬಲವಾಗಿ ಅನ್ನಿಸಿತು. ಅಷ್ಟರಲ್ಲಿ ವಿಹಾರದ ಹಿರಿಯ ಭಿಕ್ಷು ಕೈಸನ್ನೆ ಮಾಡಿದ. ಮೊತ್ ಬಿಳಿಯ ಬಟ್ಟೆಯುಟ್ಟು ಚಾಪೆಯ ಮೇಲೆ ಮಂಡಿಯೂರಿದ್ದ. ಮೊಂಗ್‌ಖೊನ್ ಬೆಳ್ಳಿಯ ಬಟ್ಟಲಿನಲ್ಲಿತ್ತು. ಖಂಪೈ ಮುಂದೆ ಬರುವ ಮೊದಲೇ ಭಿಕ್ಷು ಹೇಳಿದ: "ವಯಸ್ಸಲ್ಲಿ ಹಿರಿಯರು ಮೊದಲು." ವಯಸ್ಸಿನ ಮಾತಿಗೆ ಎದುರಾಡುವ ಪದ್ಧತಿಯಿಲ್ಲ. ವಿರೋತ ಎಡಗೈಯಿಂದ ಮೊಂಗ್‌ಖೊನನ್ನು ಎತ್ತಿ ತನ್ನ ಬಲಗೈ ಬೆರಳುಗಳ ನಡುವೆ ಸಿಕ್ಕಿಸಿಕೊಂಡ, ತೊಡಿಸಬೇಕಾದದ್ದು ಬಲಗೈಯಿಂದಲೇ. ಕೈ ಎದೆಯ ಮಟ್ಟಕ್ಕೆ ಬಂತು. ಅಲ್ಲಿಯೇ ನಿಂತು ನಡುಗಿತು.

ಖಂಪೈ ಮಾಡಬೇಕಾದದ್ದು ಏನೂ ಇರಲಿಲ್ಲ. ಸುಮ್ಮನೆ ನಿಂತರೆ ಸಾಕಿತ್ತು. ಇನ್ನು ಕೆಲವು ಗಳಿಗೆಗೆ ಆ ಕೈ ತಾನಾಗಿ ಕೆಳಗಿಳಿಯುತ್ತಿತ್ತು. ಅಧಿಕಾರ, ಹೆಸರು, ಮುಂದಿನ ಎಲ್ಲ ಮಕ್ಕಳ ಸ್ಮರಣೆ, ಎಲ್ಲವೂ ಒಬ್ಬನ ಪಾಲಿಗೆ ಬರುತ್ತಿತ್ತು. ಅವನು ಸುಮ್ಮನೆ ನಿಂತ. ವಿರೋತನ ಹಣೆಯಲ್ಲಿ ಮೂಡಿದ ಬೆವರನ್ನು ನೋಡುತ್ತ, ಅದು ಹುಬ್ಬಿನವರೆಗೆ ಇಳಿಯುವುದನ್ನು ನೋಡುತ್ತ ನಿಂತ.

ಆಗ ಮೊತ್ ತಲೆ ಬಗ್ಗಿಸಿದ. ಮೇಲೇರಲಾರದ ಕೈಗೆ ತಲೆಯೇ ಎಟುಕಲೆಂದು ಸೊಂಟದಿಂದ ಬಾಗಿದ, ಇನ್ನೂ ಬಾಗಿದ. ಕೈ ಅದನ್ನು ಹಿಂಬಾಲಿಸಿತು. ಹಣೆ ಚಾಪೆಯ ಸಮೀಪಕ್ಕೆ ಬಂತು, ನಡುಗುವ ಬೆರಳುಗಳಲ್ಲಿ ಜೋತ ಮೊಂಗ್‌ಖೊನ್ ನೆಲದಿಂದ ಗೇಣುದ್ದಕ್ಕೆ ಇಳಿಯಿತು.

"ಲೇ ಕೋಣ!" ಖಂಪೈಯ ಕಂಠ ಗರಡಿಯ ತಗಡನ್ನು ಬಡಿಯಿತು. "ತಲೆ ಎತ್ತೋ! ನೆಲಕ್ಕೆ ತಾಗಿಸ್ತೀಯಾ ಅದನ್ನ?"

ಯೋಚಿಸಿ ಮಾಡಿದ್ದಲ್ಲ. ಅವನು ಒಂದೇ ನೆಗೆತಕ್ಕೆ ಮುಂದೆ ಬಂದು ವಿರೋತನ ಮೊಣಕೈಗೆ ಅಂಗೈ ಕೊಟ್ಟು ಮೇಲಕ್ಕೆತ್ತಿದ್ದ. ಮೊತ್ ನೆಟ್ಟಗಾದ. ಎರಡು ಮುದಿ ತೋಳುಗಳು ಒಂದಕ್ಕೊಂದು ಹೆಣೆದುಕೊಂಡು ಅವನ ತಲೆಯ ಮೇಲೆ ಬಂದವು.

"ತಳ್ಳಬೇಡ," ಎಂದ ವಿರೋತ, ಬಾಯಿಯ ಬದಿಯಿಂದ.

"ಯಾರು ತಳ್ಳಿದ್ರು? ನಿನ್ನ ಕೈ ಹಲಸಿನಹಣ್ಣಿನ ಭಾರ ಇದೆ."

"ಎಡಕ್ಕೆ."

"ಯಾರ ಎಡಕ್ಕೆ?"

"ಕಾಣಲ್ವಾ? ಅವನ ಎಡಕ್ಕೆ. ಹಳ್ಳಿ ಮೇಷ್ಟ್ರೇ, ನಿಂಗೆ ಎಡ ಬಲ ಗೊತ್ತಿಲ್ಲ, ಅದಕ್ಕೇ ಇವನ ಕಾಲು ಹಾಗಾಗಿದ್ದು."

"ಆ ಕಾಲಿನ ಮೇಲೆ ನಿಂತೇ ನಿನ್ನ ಕಾರು ಬಂದಿದ್ದು."

ಮೊಂಗ್‌ಖೊನ್ ಮೊತ್‌ನ ಬಲಹುಬ್ಬಿನ ಮೇಲೆ ಓರೆಯಾಗಿ ಕುಳಿತಿತು. ಅದನ್ನು ಅವನು ಮುಟ್ಟುವಂತಿರಲಿಲ್ಲ. ಮೊದಲು ಕೈ ತೆಗೆಯಲು ಇಬ್ಬರಲ್ಲಿ ಯಾರೂ ಸಿದ್ಧರಿರಲಿಲ್ಲ. ಅವನ ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾನೆಂದು ಹಿಂದೆ ಕುಳಿತವರು ತಿಳಿದರು. ತಲೆಯ ಮೇಲೆ ಕೈಯಿಟ್ಟಿದ್ದ ಇಬ್ಬರಿಗೆ ಮಾತ್ರ ಅದು ನಗು ಎಂದು ಗೊತ್ತಿತ್ತು.

"ನಿನಗೆ ವಿದ್ಯೆ ಕೊಟ್ಟವರು ಯಾರು?" ಎಂದು ಭಿಕ್ಷು ವಿಧಿಯಂತೆ ಕೇಳಿದ.

ಮುದುಕರಿಬ್ಬರ ತಲೆಗಳೂ ಒಟ್ಟಿಗೆ ಮುಂದಕ್ಕೆ ಬಾಗಿದವು.

"ಗುರು ಖಂಪೈ," ಎಂದ ಮೊತ್, ಎಲ್ಲರಿಗೂ ಕೇಳುವಂತೆ. ಉಸಿರು ತೆಗೆದುಕೊಂಡು ಮುಂದುವರಿಸಿದ: "ಗುರು ವಿರೋತ್."

ನೆರೆದ ನಾಲಿಗೆಗಳೆಲ್ಲ ಅದೇ ಕ್ರಮದಲ್ಲಿ ಎರಡು ಹೆಸರುಗಳನ್ನು ಮರುನುಡಿದವು. ವಿರೋತ ಮೂಗಿನಲ್ಲಿ ಗುರುಗುಟ್ಟಿದ: "ಇಲ್ಲೂ ನೀನೇ ಮೊದಲು." ಖಂಪೈಯ ಎದೆ ಉಬ್ಬಿತು, ಒಂದು ಗಳಿಗೆ ಹಾಗೆಯೇ ಉಬ್ಬಿ ನಿಂತಿತು. ಆಮೇಲೆ ಅವನು ಮರುನುಡಿಯ ಕೊನೆಯನ್ನು ಕೇಳಿಸಿಕೊಂಡ. ಗರಡಿಯ ತುಂಬ ತೂಗುತ್ತ ಉಳಿದದ್ದು, ಹೆಂಗಸರೂ ಮಕ್ಕಳೂ ಬಾಯಲ್ಲಿಟ್ಟುಕೊಂಡು ಎದ್ದದ್ದು, ಎರಡನೆಯ ಹೆಸರು. ಮೊದಲು ಹೇಳಿದ್ದು ಮುಗಿದುಹೋಗುತ್ತದೆ. ಕೊನೆಗೆ ಹೇಳಿದ್ದು ಕಿವಿಯಲ್ಲಿ ಉಳಿಯುತ್ತದೆ.

ಅವನು ಮೊಂಗ್‌ಖೊನ್ ಸರಿಪಡಿಸುವ ನೆವದಲ್ಲಿ ಆ ಮಡಚಿದ ಕಿವಿಯ ಹತ್ತಿರಕ್ಕೆ ಬಾಗಿದ. "ನಿನ್ನ ಹುಡುಗರಿಗೆ ಕಲಿಸುವಾಗ ಅವನ ಹೆಸರು ಮೊದಲು ಹೇಳ್ಸು."

ಮೊತ್ ಓರೆ ಬಳೆಯ ಕೆಳಗಿನಿಂದ ಕಣ್ಣೆತ್ತಿದ. "ಯಾಕೆ ಗುರುಗಳೇ?"

"ಹೇಳಿದಷ್ಟು ಮಾಡು," ಎಂದ ಖಂಪೈ. ವಿರೋತನ ಮೊಣಕೈಯನ್ನು ಅವನು ಇನ್ನೂ ಬಿಟ್ಟಿರಲಿಲ್ಲ.